ಇಟ್ಟುಕೊಳ್ಳುವ ಧರ್ಮ

ಸಂಪಾದಿಸುವುದು ಒಂದು ವಿದ್ಯೆ. ಸಂಪಾದಿಸಿದ್ದನ್ನು ಉಳಿಸಿ ಇಟ್ಟುಕೊಳ್ಳುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮ ಹಿರಿಯರು ಯೋಗ ಎಂದರು, ಎರಡನೆಯದನ್ನು ಕ್ಷೇಮ ಎಂದರು. ಇಲ್ಲದ್ದು ದೊರಕುವುದು ಯೋಗ, ದೊರಕಿದ್ದು ಕೆಡದೆ ಉಳಿಯುವುದು ಕ್ಷೇಮ. ಇವೆರಡರಲ್ಲಿ ಲೋಕದ ಮನ್ನಣೆಯೆಲ್ಲ ಯೋಗಕ್ಕೇ. ಗಳಿಸಿದವನ ಹೆಸರು ಊರಿಗೆಲ್ಲ ಗೊತ್ತು; ಗಳಿಸಿದ್ದಕ್ಕೆ ಗೆದ್ದಲು ಹತ್ತದಂತೆ, ಇಲಿ ಬಾಯಿಡದಂತೆ ನೋಡಿಕೊಂಡವಳ ಹೆಸರು ಒಮ್ಮೊಮ್ಮೆ ಮನೆಯವರಿಗೂ ನೆನಪಿರುವುದಿಲ್ಲ. ಆದರೂ ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ನಾವು ಬರೆಯುತ್ತಿದ್ದದ್ದು "ಇಲ್ಲಿ ಎಲ್ಲರೂ ಕ್ಷೇಮ" ಎಂದೇ ಹೊರತು "ಇಲ್ಲಿ ಎಲ್ಲರೂ ಗಳಿಸುತ್ತಿದ್ದೇವೆ" ಎಂದಲ್ಲ. ಯಾವುದು ಹೆಚ್ಚಿನದೆಂಬುದು ಮನಸ್ಸಿನ ಒಳಗೆ ಎಲ್ಲರಿಗೂ ತಿಳಿದೇ ಇದೆ ಎಂದು ತೋರುತ್ತದೆ.

ಈ ಕ್ಷೇಮದ ಪ್ರಶ್ನೆ ಈಗ ಹೊಸದೊಂದು ರೂಪದಲ್ಲಿ ನಮ್ಮ ಮುಂದೆ ಬಂದಿದೆ. ನಮ್ಮ ಅಜ್ಜಂದಿರು ಇಡೀ ಜೀವಮಾನದಲ್ಲಿ ತೆಗೆಸಿಕೊಂಡದ್ದು ಎರಡೋ ಮೂರೋ ಛಾಯಾಚಿತ್ರ. ನಾವು ಒಂದು ಮದುವೆಯ ಊಟಕ್ಕೆ ಕುಳಿತು ಏಳುವುದರೊಳಗೆ ಇಪ್ಪತ್ತು ತೆಗೆಯುತ್ತೇವೆ. ಚಿತ್ರ, ಧ್ವನಿ, ಪತ್ರ, ಲೆಕ್ಕ, ಇವೆಲ್ಲ ಎಲ್ಲಿರುತ್ತವೆ ಎಂದು ಕೇಳಿದರೆ 'ಕ್ಲೌಡ್‌ನಲ್ಲಿ' ಎನ್ನುತ್ತಾರೆ. ಮೋಡವೆಂಬುದು ಹೆಸರಿಗೆ ಮಾತ್ರ. ನಿಜವಾಗಿ ಅದು ಯಾವುದೋ ಊರಿನ ನೆಲದ ಮೇಲೆ ಕಟ್ಟಿದ ಕಟ್ಟಡ. ಕಟ್ಟಡದ ಒಳಗೆ ಸಾಲುಸಾಲಾಗಿ ಕಬ್ಬಿಣದ ಚೌಕಟ್ಟು. ಚೌಕಟ್ಟಿನೊಳಗೆ ಒಂದರ ಮೇಲೊಂದು ಕೂರಿಸಿದ ಯಂತ್ರ. ಅಂತಹ ಯಂತ್ರವೊಂದು ಕೆಲಸದಿಂದ ನಿವೃತ್ತಿ ಹೊಂದಿ, ಬೆಂಗಳೂರಿನಿಂದ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿರುವ ನಮ್ಮ ಹಳೆಯ ಮನೆಗೆ ಬಂದು ಸೇರಿತು. ಅದನ್ನು ಹೂಡಿದ ಕಥೆಗಿಂತ, ಅದನ್ನು ಹೂಡುವಾಗ ಎದ್ದ ಧರ್ಮಸಂಕಟಗಳೇ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದರಿಂದ ಈ ನಾಲ್ಕು ಮಾತು.

ಮೊದಲು ಯಂತ್ರದ ಪರಿಚಯ. ಇದರ ಹೆಸರು ರ್‍ಯಾಕ್ ಸರ್ವರ್. ಚೌಕಟ್ಟಿನ ಅಗಲ ಲೋಕದಲ್ಲೆಲ್ಲ ಒಂದೇ, ೧೯ ಅಂಗುಲ. ಎತ್ತರವನ್ನು ಒಂದೂ ಮುಕ್ಕಾಲು ಅಂಗುಲದ ಅಳತೆಗೋಲಿನಿಂದ ಎಣಿಸುತ್ತಾರೆ. ನಮ್ಮದು ಎರಡು ಅಳತೆಯದು. ಎಂದರೆ ಮೂರೂವರೆ ಅಂಗುಲ ಎತ್ತರ, ಮೊಳಕ್ಕಿಂತ ಉದ್ದ, ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ದೊಡ್ಡ ಕಂಪೆನಿಗಳು ಇಂತಹ ಯಂತ್ರಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುತ್ತವೆ. ಯಂತ್ರ ಕೆಟ್ಟಿತೆಂದಲ್ಲ, ಅದೇ ವಿದ್ಯುತ್ತಿನಲ್ಲಿ, ಅದೇ ಜಾಗದಲ್ಲಿ ಹೊಸದು ಹೆಚ್ಚು ಕೆಲಸ ಮಾಡುತ್ತದೆ ಎಂದು. ೨೦೦೯ರಿಂದ ೨೦೧೨ರ ಸುಮಾರಿನಲ್ಲಿ ಹೊಸದಾಗಿ ಬಂದಿದ್ದ ಡೆಲ್ ಪವರ್‌ಎಡ್ಜ್, ಎಚ್‌ಪಿ ಪ್ರೊಲಯಂಟ್ ಮೊದಲಾದ ಹೆಸರಿನ ಯಂತ್ರಗಳು ಹೀಗೆ ಹೊರಬಿದ್ದು, ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಂತಹ ಬೀದಿಗಳಲ್ಲಿ ಕೈ ಬದಲಾಯಿಸುತ್ತವೆ. ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ಅವನೇ ಒಂದನ್ನು ಕೊಂಡು ತಂದ. ಮಾರುವ ಮೊದಲು ಹಳೆಯ ಒಡೆಯರು ಡಿಸ್ಕುಗಳನ್ನು ಕಳಚಿಕೊಂಡಿದ್ದರು. ತಮ್ಮ ನೆನಪನ್ನು ತೆಗೆದುಕೊಂಡು ಮೈಯನ್ನು ಮಾತ್ರ ಮಾರಿದಂತೆ. ಆಸ್ತಿಪಟ್ಟಿಯ ಸಂಖ್ಯೆ ಬರೆದ ಒಂದು ಚೀಟಿ ಮಾತ್ರ ಮುಂಭಾಗದಲ್ಲಿ ಅಂಟಿಕೊಂಡೇ ಇತ್ತು.

ಯಂತ್ರಕ್ಕೆ ಜೀವ ಕೊಟ್ಟ ದಿನ ಅದರ ಫ್ಯಾನುಗಳೆಲ್ಲ ಒಮ್ಮೆಲೇ ಪೂರ್ಣ ವೇಗದಲ್ಲಿ ತಿರುಗಿ ಹೊರಡಿಸಿದ ಸದ್ದಿಗೆ ಹಿತ್ತಲಿನ ದನ ಕಿವಿ ನಿಮಿರಿಸಿದವು. ಈ ಯಂತ್ರಗಳನ್ನು ಮಾಡುವವರು ಅವು ಮನುಷ್ಯರಿಲ್ಲದ ಕೋಣೆಯಲ್ಲಿರುತ್ತವೆಂದು ತಿಳಿದೇ ಮಾಡುವುದು. ಸ್ವಲ್ಪ ಹೊತ್ತಿಗೆ ಸದ್ದು ತಗ್ಗಿತಾದರೂ ನಿಲ್ಲಲಿಲ್ಲ. "ಮನೆಯೊಳಗೆ ಹಿಟ್ಟಿನ ಗಿರಣಿ ಹಾಕಿಕೊಂಡಂಗಾತಲ್ಲ ರೀ" ಎಂದಳು ನನ್ನ ಹೆಂಡತಿ. ಹಾಗಾಗಿ ನಡುಮನೆ ಬಿಟ್ಟು, ಹಿಂದೆ ಅಡಿಕೆಯ ಚೀಲ ಒಟ್ಟುತ್ತಿದ್ದ ಹಿಂದಲ ಕೋಣೆಗೆ ಅದು ಹೋಯಿತು. ಅಲ್ಲಿ ದಪ್ಪ ಮಣ್ಣಿನ ಗೋಡೆ, ತಂಪು ನೆಲ. ಬಡಗಿ ಒಬ್ಬರು ಹಳೆಯ ತೊಲೆಯ ಮರದಿಂದ ಗಾಳಿಯಾಡುವಂತೆ ಚೌಕಟ್ಟು ಮಾಡಿಕೊಟ್ಟರು. ಹೊಸ ಡಿಸ್ಕುಗಳನ್ನು ಕೂರಿಸಿ, ಒಂದು ರಾತ್ರಿಯೆಲ್ಲ ಯಂತ್ರದ ಸ್ಮರಣಶಕ್ತಿಯನ್ನು ಪರೀಕ್ಷೆ ಮಾಡಿ, ಡೆಬಿಯನ್ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆಯನ್ನು ಹಾಕಿದ್ದಾಯಿತು.

ಇಷ್ಟು ದೊಡ್ಡ ಯಂತ್ರ ಏತಕ್ಕೆ ಎಂದು ಯಾರಾದರೂ ಕೇಳುವುದು ನ್ಯಾಯ. ಕನ್ನಡ ಪಾಠ ಹೇಳುವ ನಾನು ಸುಮಾರು ಇಪ್ಪತ್ತು ವರ್ಷಗಳಿಂದ, ವಿದ್ಯಾರ್ಥಿಗಳ ಸಹಾಯದಿಂದ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಹಾಡು, ಕಥೆ, ಗಾದೆಗಳನ್ನು ಮುದ್ರಿಸಿಕೊಂಡು ಬಂದಿದ್ದೇನೆ. ಧ್ವನಿ ಸುಮಾರು ಮುನ್ನೂರು ಗಂಟೆಯಷ್ಟಿದೆ. ಹಬ್ಬ, ಮದುವೆ, ಕೋಲಾಟಗಳ ವಿಡಿಯೊ ಸೇರಿದರೆ ಮೂರು ಟೆರಾಬೈಟ್ ಆಗುತ್ತದೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಅವರಿಗೆ ನಾನು ಹಣ ಕೊಟ್ಟಿಲ್ಲ, ಕಾಗದಕ್ಕೆ ಸಹಿ ಹಾಕಿಸಿಕೊಂಡಿಲ್ಲ. ಊರಿನ ಹುಡುಗನೆಂಬ ಸಲಿಗೆಯಿಂದ, ಮೇಷ್ಟ್ರೆಂಬ ವಿಶ್ವಾಸದಿಂದ ಹಾಡಿದರು. ಅವರಲ್ಲಿ ಒಬ್ಬ ಅಜ್ಜಿ, ಬಾಣಂತಿತನದಲ್ಲಿ ತೀರಿಕೊಂಡ ಮಗಳ ಮೇಲೆ ತಾನೇ ಕಟ್ಟಿಕೊಂಡ ಅಳುವಿನ ಹಾಡನ್ನು ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಮಾತು ಅಂದಳು: "ಇಟ್ಕಳಪ್ಪ. ಊರ ಮುಂದೆ ಮಾತ್ರ ಹಾಕಬ್ಯಾಡ."

ಈ ಮಾತಿನಲ್ಲಿ ಎರಡು ಅಪ್ಪಣೆಗಳಿವೆ. ಒಂದು, ಕಳೆಯಬೇಡ. ಇನ್ನೊಂದು, ಹರಡಬೇಡ. ಒಂದನ್ನು ಮಾತ್ರ ನಡೆಸುವುದು ಸುಲಭ. ಹರಡಬಾರದೆಂದರೆ ಅಳಿಸಿಹಾಕಿದರಾಯಿತು, ಕಳೆಯಬಾರದೆಂದರೆ ನೂರು ಕಡೆ ಹಂಚಿದರಾಯಿತು. ಎರಡನ್ನೂ ಒಟ್ಟಿಗೆ ನಡೆಸುವುದೇ ಇಟ್ಟುಕೊಳ್ಳುವ ಧರ್ಮ.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಮನು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಸಾಲದ ತರುವಾಯ ಬರುವುದೇ ನಿಕ್ಷೇಪ. ನಂಬಿ ಒಬ್ಬರ ಕೈಯಲ್ಲಿ ಇಟ್ಟ ವಸ್ತು. ಒಳಗೆ ಏನಿದೆಯೆಂದು ಹೇಳದೆ ಮುಚ್ಚಿ ಕೊಟ್ಟದ್ದಕ್ಕೆ ಉಪನಿಧಿಯೆಂದು ಬೇರೆ ಹೆಸರು. ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಇಟ್ಟುಕೊಂಡವನ ತಪ್ಪಿಲ್ಲವೆಂದು ಯಾಜ್ಞವಲ್ಕ್ಯನ ಮತ. ಇಟ್ಟುಕೊಂಡವನ ಸ್ವಂತ ಸ್ವತ್ತೂ ಅದರೊಡನೆಯೇ ನಾಶವಾಗಿದ್ದರೆ ನಷ್ಟ ಇಟ್ಟವನದೆಂದು ನಾರದನ ಮತ. ಎಂದರೆ, ನಿನ್ನದನ್ನು ಹೇಗೆ ನೋಡಿಕೊಳ್ಳುತ್ತೀಯೋ ಪರರದನ್ನೂ ಹಾಗೆಯೇ ನೋಡಿಕೊ ಎಂಬುದು ತಾತ್ಪರ್ಯ. ಆ ಅಜ್ಜಿಯ ಹಾಡು ನನ್ನ ಬಳಿ ಇರುವ ನಿಕ್ಷೇಪವೇ ಸರಿ. ಅದನ್ನು ಅವಳನ್ನು ಕೇಳದೆ ಮೂರನೆಯವರ ಬಳಿ ಇಡಲು ನನಗೆ ಅಧಿಕಾರ ಉಂಟೆ? ಕಂಪೆನಿಗಳ ಉಗ್ರಾಣಕ್ಕೆ ಸೇರಿಸುವಾಗ 'ಒಪ್ಪಿದ್ದೇನೆ' ಎಂಬ ಕಡೆ ಬೆರಳೊತ್ತಬೇಕು. ಅವಳ ಪರವಾಗಿ ಒಪ್ಪಲು ನಾನು ಯಾರು?

ಮನೆಯಲ್ಲೇ ಸರ್ವರ್ ಹೂಡಲು ಇದು ಒಂದು ಕಾರಣ. ಇನ್ನೊಂದು ಕಾರಣ, ಬಾಡಿಗೆ ಮನೆಯ ಸ್ವಭಾವ. ಆರ್ಕುಟ್ ಎಂಬ ಕೂಟ ೨೦೧೪ರ ಸೆಪ್ಟೆಂಬರ್ ೩೦ರಂದು ಮುಚ್ಚಿತು. ಅಲ್ಲಿ ಕನ್ನಡದ ತರುಣರು ನಡೆಸಿದ ಎಷ್ಟೋ ಮಾತುಕತೆ ಈಗ ಹುಡುಕಿದರೂ ಸಿಗದು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿದ್ದ ಜಾಗಕ್ಕೆ ೨೦೨೧ರ ಜೂನ್ ೧ರಿಂದ ಮಿತಿ ಬಂತು. ಅವರು ಮಾಡಿದ್ದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಮನೆ ಅವರದು, ಬಾಡಿಗೆಯ ಕರಾರು ಅವರದು. ಮನೆಯೊಡೆಯ ಖಾಲಿ ಮಾಡೆಂದಾಗ ಮಾಡಬೇಕಾದದ್ದೇ.

ಆದರೆ ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಆ ದೊಡ್ಡ ಉಗ್ರಾಣಗಳಲ್ಲಿ ಕಾವಲುಗಾರರಿದ್ದಾರೆ. ಬೆಂಕಿ ಆರಿಸುವ ಸಾಧನವಿದೆ. ಒಂದೇ ಕಡತದ ಹಲವು ಪ್ರತಿಗಳನ್ನು ಹಲವು ಊರುಗಳಲ್ಲಿ ಇಡುತ್ತಾರೆ. ಉಬ್ರಾಣಿಯ ನಮ್ಮ ಮನೆಯಲ್ಲಿ ಏನಿದೆ? ಮುಂಗಾರಿಗೆ ಮೊದಲು ಗುಡುಗು ಮಿಂಚು; ಮಳೆ ಬಂದರೆ ಹೋಗುವ ಕರೆಂಟು; ತಂತಿ ಕಡಿಯುವ ಇಲಿ; ಬೇಸಗೆಯ ಧೂಳು. ತನ್ನದೆಂಬ ಅಭಿಮಾನವೊಂದರಿಂದಲೇ ವಸ್ತು ಉಳಿಯುವುದಿಲ್ಲ. ಹಾಗೆಂದು ದೊಡ್ಡದೆಂಬ ಒಂದೇ ಕಾರಣದಿಂದಲೂ ಉಳಿಯುವುದಿಲ್ಲ. ೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ ಸುಮಾರು ೮೫೮ ಟೆರಾಬೈಟಿನ ಭಂಡಾರ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬೇರೊಂದು ಪ್ರತಿ ಇರಲಿಲ್ಲ. ಅರಮನೆಯಾದರೇನು, ಗುಡಿಸಲಾದರೇನು, ಒಂದೇ ಪ್ರತಿ ಎಂದರೆ ಒಂದೇ ಕಿಡಿಯ ದೂರ.

ಈ ಮಾತು ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ದಾನ ಮಾಡಿದಳೆಂಬುದು ಪ್ರಸಿದ್ಧ. ಸಾವಿರ ಓಲೆಕಟ್ಟುಗಳನ್ನು ಕೈಯಿಂದ ಬರೆಸುವುದೆಂದರೆ ಸಾಮಾನ್ಯವೆ? ಆ ಕಾವ್ಯ ನಮಗೆ ಉಳಿದು ಬಂದಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಉಳಿಯಲಿಲ್ಲ. ಇನ್ನೊಂದು ಬಗೆಯ ನಿದರ್ಶನ ಮೂಡಬಿದಿರೆಯದು. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು, ಹಳೆಗನ್ನಡ ಲಿಪಿಯಲ್ಲಿ ಬರೆದಂಥವು, ಅಲ್ಲಿಯ ಬಸದಿಯೊಂದರಲ್ಲಿ ಮಾತ್ರ ಶತಮಾನಗಳ ಕಾಲ ಉಳಿದಿದ್ದವು. ಜನ ಅವನ್ನು ದರ್ಶನ ಮಾಡಿ ಕೈಮುಗಿಯುತ್ತಿದ್ದರು, ಓದುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಗಿ, ೧೯೩೯ರಿಂದ ಧವಲಾ ಅಚ್ಚಾಗತೊಡಗಿತು. ಆ ಬಸದಿಯವರ ಶ್ರದ್ಧೆ ಇಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ, ಅದು ನಿಜ. ಅಷ್ಟು ಶತಮಾನಗಳಲ್ಲಿ ಒಂದು ದೀಪ ಮಗುಚಿದ್ದರೆ ಏನಾಗುತ್ತಿತ್ತು ಎಂಬುದೂ ನಿಜ. ಮೈಸೂರಿನ ಪ್ರಾಚ್ಯಕೋಶಾಗಾರ ೧೮೯೧ರಲ್ಲಿ ಸ್ಥಾಪನೆಯಾಯಿತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಕಟ್ಟನ್ನು ಅಲ್ಲಿಗೆ ಕೊಟ್ಟರು. ಅದರಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಮನೆ ಉಳಿಸಿತು, ಭಂಡಾರ ಗುರುತಿಸಿತು, ಅಚ್ಚು ಹಂಚಿತು. ಮೂರೂ ಬೇಕಾಯಿತು.

ಆದಕಾರಣ ಮನೆಯ ಸರ್ವರ್ ಎಂಬುದು ಕೊನೆಯ ಮಾತಲ್ಲ, ಮೊದಲ ಮಾತು. ಹಿಂದಲ ಕೋಣೆಯ ಯಂತ್ರದಲ್ಲಿ ಒಂದು ಡಿಸ್ಕಿನಲ್ಲಿ ಬರೆದದ್ದು ಅದರ ಜೋಡಿ ಡಿಸ್ಕಿನಲ್ಲಿಯೂ ಏಕಕಾಲಕ್ಕೆ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ಇರುತ್ತದೆ. ಇದನ್ನು ಕಂಡು ನಾನು, ಹಾಗಾದರೆ ಎರಡು ಪ್ರತಿ ಆಯಿತಲ್ಲ ಎಂದೆ. ಹುಡುಗ ನಕ್ಕು, "ಇಲ್ಲ ಚಿಕ್ಕಪ್ಪ, ಒಂದೇ ಪೆಟ್ಟಿಗೆಯೊಳಗೆ ಎರಡು ಬೀಗ ಹಾಕಿದಂಗೆ ಅಷ್ಟೇ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೇ ಹೋಗ್ತವೆ. ನೀವು ತಪ್ಪಾಗಿ ಅಳಿಸಿದರೆ ಎರಡರಲ್ಲೂ ಅಳಿಸಿಹೋಗ್ತದೆ" ಎಂದ. ಈಗ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ಅವನ ಮನೆಯಲ್ಲಿದೆ. ಅದು ಗೂಢಲಿಪಿಯಲ್ಲಿದೆ, ಕೀಲಿಮಾತು ತಿಳಿಯದವರಿಗೆ ಅದು ಅರ್ಥವಿಲ್ಲದ ಅಕ್ಷರರಾಶಿ. ಹೊರಗಿನವರ ಕೈಯಲ್ಲಿದ್ದೂ ಒಳಗೇನಿದೆಯೆಂದು ಅವರಿಗೆ ತಿಳಿಯದು. ಯಾಜ್ಞವಲ್ಕ್ಯನ ಕಾಲದ ಉಪನಿಧಿ ಇದೇ ಅಲ್ಲವೆ? ಸಂತೋಷದ ಹಾಡುಗಳನ್ನು, ಸೋಬಾನೆಯನ್ನು, ಹಾಡಿದವರ ಮೊಮ್ಮಕ್ಕಳಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಾಗಿದೆ. ಆ ಅಳುವಿನ ಹಾಡು ಮಾತ್ರ ಮುಚ್ಚಿದ ಗಂಟಿನಲ್ಲೇ ಇದೆ.

ಹಳೆಯ ಯಂತ್ರವನ್ನೇ ಏಕೆ ಆರಿಸಿದೆವೆಂಬುದಕ್ಕೆ ಒಂದು ಕಾರಣ ನನಗೆ ಬಹಳ ಹಿಡಿಸಿತು. ಹಳಗನ್ನಡ ಓದಿದವರಿಗೆ ಲಿಪಿಕಾರರ ಕೈತಪ್ಪಿನ ಪರಿಚಯವಿರುತ್ತದೆ. ಒಂದು ಅಕ್ಷರ ತಪ್ಪಿದರೆ ಅರ್ಥವೇ ಬೇರೆಯಾಗಿ, ಆಮೇಲಿನ ಪಂಡಿತರು ಪಾಠಾಂತರಗಳಲ್ಲಿ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಯಂತ್ರದ ನೆನಪಿನಲ್ಲಿಯೂ ಇಂತಹ ಕೈತಪ್ಪು ಅಪರೂಪಕ್ಕೆ ಆಗುವುದುಂಟು. ಸೊನ್ನೆ ಇದ್ದಲ್ಲಿ ಒಂದು ಬಂದುಬಿಡುತ್ತದೆ. ಮನೆಬಳಕೆಯ ಸಾಧಾರಣ ಕಂಪ್ಯೂಟರುಗಳು ಹೆಚ್ಚಾಗಿ ಇದನ್ನು ಕಾಣವು. ಈ ಸರ್ವರುಗಳ ನೆನಪಿನ ಹಲಗೆಯಲ್ಲಾದರೋ ಒಂದು ಬಿಂದು ಹೀಗೆ ತಪ್ಪಿದರೆ ತಾನೇ ಕಂಡುಹಿಡಿದು ತಿದ್ದಿಕೊಳ್ಳುವ ಏರ್ಪಾಟು ಇದೆ. ವಿದ್ಯುತ್ ಪೂರೈಸುವ ಪೆಟ್ಟಿಗೆಯೂ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಹೊರುತ್ತದೆ. ಕ್ಷೇಮವನ್ನೇ ಗುರಿಯಾಗಿಟ್ಟು ಮಾಡಿದ ಯಂತ್ರವನ್ನು ಹಳತಾಯಿತೆಂದು ಗುಜರಿಗೆ ಹಾಕುವುದು ವಿವೇಕವೆಂದು ನನಗೆ ತೋರಲಿಲ್ಲ.

ಆದರೆ ಇಲ್ಲಿಯೇ ದೊಡ್ಡ ಸಂಕಟ ಎದುರಾಯಿತು. ಮೀಟರಿಟ್ಟು ಅಳೆದಾಗ, ಸುಮ್ಮನೆ ಕುಳಿತಿರುವಾಗಲೇ ಯಂತ್ರ ಸುಮಾರು ೧೫೦ ವಾಟ್ ಎಳೆಯುತ್ತಿತ್ತು. ದಿನವೆಲ್ಲ ನಡೆದರೆ ೩.೬ ಯೂನಿಟ್, ತಿಂಗಳಿಗೆ ೧೦೮, ವರ್ಷಕ್ಕೆ ೧,೩೧೪. ಇದೇ ಕೆಲಸವನ್ನು ಇಂದಿನ ಪುಟ್ಟ ಯಂತ್ರವೊಂದು ಇದರ ಹತ್ತನೆಯ ಒಂದು ಪಾಲಿನಲ್ಲಿ ಮಾಡಬಲ್ಲದು. ಹಾಗಾದರೆ ಹಳೆಯದನ್ನು ಉಳಿಸಿದೆವೆಂಬ ನಮ್ಮ ಮಿತವ್ಯಯ ನಿಜವಾದ ಮಿತವ್ಯಯವೆ? ಹಾಲು ಕೊಡದ ಹಸುವನ್ನು ಸಾಕಬಹುದು, ಅದು ದಯೆ. ಆದರೆ ಅದಕ್ಕೆ ಪಕ್ಕದ ಮನೆಯ ಹುಲ್ಲು ಹಾಕಿದರೆ ದಯೆಯೆನ್ನಲಾಗದು. ಪಕ್ಕದ ಮನೆಯ ಹುಲ್ಲೆಂದು ಏಕೆ ಹೇಳಿದೆನೆಂದರೆ, ರಾಜ್ಯ ಸರ್ಕಾರ ೨೦೨೩ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, ೨೦೦ ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಕರೆಂಟು ಉಚಿತ. ಉಚಿತವೆಂದರೆ ಬೆಲೆಯಿಲ್ಲದ್ದೆಂದಲ್ಲ, ಬೇರೆ ಯಾರೋ ಬೆಲೆ ಕೊಟ್ಟದ್ದೆಂದು ಅರ್ಥ. ಬಡವರ ಮನೆಯ ದೀಪಕ್ಕೆಂದು ಕೊಟ್ಟದ್ದನ್ನು ನನ್ನ ಹಿಂದಲ ಕೋಣೆಯ ಫ್ಯಾನು ತಿರುಗಿಸಲು ಬಳಸಬಹುದೆ? ಕಾನೂನಿನಲ್ಲಿ ಅಡ್ಡಿಯಿಲ್ಲದಿರಬಹುದು. ಕಾನೂನು ಮುಗಿದಲ್ಲಿಯೇ ಧರ್ಮದ ಪ್ರಶ್ನೆ ಮೊದಲಾಗುವುದು.

ನೆರೆಯ ಅಡಿಕೆ ತೋಟದ ಯಜಮಾನರಿಗೆ ನನ್ನ ಈ ಲೆಕ್ಕ ತಮಾಷೆಯಾಗಿ ಕಂಡಿತು. "ಅಲ್ಲ ಮೇಷ್ಟ್ರೇ, ನಮ್ಮ ಐದು ಹಾರ್ಸ್‌ಪವರಿನ ಮೋಟಾರು ಒಂದು ತಾಸಿಗೆ ತಿನ್ನೋದನ್ನ ನಿಮ್ಮ ಪೆಟ್ಟಿಗೆ ಇಡೀ ದಿನಕ್ಕೆ ತಿಂತದೆ. ಅದಕ್ಕೆ ಇಷ್ಟು ಚಿಂತೆ ಮಾಡ್ತೀರಲ್ಲ!" ಎಂದರು. ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಊರಿನ ಹೆಸರೇ ಒಂದು ಏತ ನೀರಾವರಿ ಯೋಜನೆಗೆ ಇದೆ. ಭದ್ರೆಯ ನೀರನ್ನು ವಿದ್ಯುತ್ತಿನಿಂದ ಮೇಲೆತ್ತಿ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಇಟ್ಟುಕೊಳ್ಳುವುದಕ್ಕೂ ಶಕ್ತಿ ಬೇಕೆಂಬುದು ಈ ಸೀಮೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೂ ಅವರ ಮಾತು ಸಮಾಧಾನ ಕೊಟ್ಟಿತೇ ಹೊರತು ಸಮರ್ಥನೆ ಕೊಡಲಿಲ್ಲ. ಇನ್ನೊಬ್ಬರ ಖರ್ಚು ಹೆಚ್ಚಾಗಿರುವುದರಿಂದ ನನ್ನ ಖರ್ಚು ನ್ಯಾಯವಾಗುವುದಿಲ್ಲ.

ದಾರಿ ತೋರಿಸಿದ್ದು ಮತ್ತೆ ಆ ಓಲೆಕಟ್ಟುಗಳೇ. ತಾಳೆಯೋಲೆಯನ್ನು ಯಾರೂ ವರ್ಷವೆಲ್ಲ ಬಿಚ್ಚಿಟ್ಟುಕೊಂಡು ಕೂರುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಹಲಗೆಯ ನಡುವೆ ಕಟ್ಟಿ ಇಡುತ್ತಿದ್ದರು. ಜೈನರಲ್ಲಿ ಜ್ಯೇಷ್ಠ ಮಾಸದ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸಿ ಇಡುವ ಸಂಪ್ರದಾಯವಿದೆ. ಕಾಯುವವನು ಸದಾ ಎಚ್ಚರವಾಗಿರಬೇಕು. ಕಾಯಲ್ಪಡುವ ವಸ್ತು ಸದಾ ಎಚ್ಚರವಾಗಿರಬೇಕಾದ ಅಗತ್ಯವಿಲ್ಲ. ನಮ್ಮ ಯಂತ್ರ ಈಗ ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಗಂಟೆ ಮಾತ್ರ ಎದ್ದಿರುತ್ತದೆ. ಹೊಸದಾಗಿ ಬಂದದ್ದನ್ನು ಬರೆದುಕೊಳ್ಳುತ್ತದೆ, ಹಳೆಯದನ್ನು ಪ್ರತಿಯೊಡನೆ ತಾಳೆ ನೋಡುತ್ತದೆ, ಮಲಗುತ್ತದೆ. ತಿಂಗಳಿಗೆ ಐದಾರು ಯೂನಿಟ್ಟಿಗೆ ಬಂದು ನಿಂತಿದೆ. ಮಲಗಿದಾಗ ಗೋಡೆಯಿಂದ ವೈರನ್ನೇ ಕಳಚಿಡುತ್ತೇವೆ. ಸಿಡಿಲು ದೈವದ ಪಾಲು. ವೈರು ಕಳಚುವುದು ನಮ್ಮ ಪಾಲು. ಸದ್ದಿನ ದೂರೂ ತಾನಾಗಿ ನಿಂತಿತು.

ಒಂದು ಪ್ರಶ್ನೆ ಉಳಿಯುತ್ತದೆ, ಅದು ಯಂತ್ರದಿಂದ ಪರಿಹಾರವಾಗುವಂಥದಲ್ಲ. ನಾನಿಲ್ಲವಾದ ಮೇಲೆ ಇದನ್ನು ಯಾರು ಇಟ್ಟುಕೊಳ್ಳುತ್ತಾರೆ? ಡಿಸ್ಕುಗಳಿಗೆ ಆಯುಸ್ಸು ಕೆಲವೇ ವರ್ಷ. ಓಲೆಯ ಮುಂದೆ ಅವು ಅಲ್ಪಾಯುಷಿಗಳು. ಯಾರಾದರೊಬ್ಬರು ಕಾಲಕಾಲಕ್ಕೆ ಹೊಸ ಡಿಸ್ಕಿಗೆ ಎತ್ತಿ ಬರೆಯದಿದ್ದರೆ ಮುನ್ನೂರು ಗಂಟೆಯ ಹಾಡು ಸದ್ದಿಲ್ಲದೆ ಕರಗುತ್ತದೆ. ಆದ್ದರಿಂದ ಯಂತ್ರವನ್ನು ಎಬ್ಬಿಸುವ, ಮಲಗಿಸುವ, ಪ್ರತಿ ಮಾಡುವ ಕ್ರಮವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಎಸ್.ಎಸ್.ಎಲ್.ಸಿ. ಓದಿದವರಿಗೆ ತಿಳಿಯುವಂತೆ, ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಕೀಲಿಮಾತು ಮುಚ್ಚಿದ ಲಕೋಟೆಯಲ್ಲಿ ಹೆಂಡತಿಯ ಬಳಿ ಇದೆ. ಯಾವ ಹಾಡು ಯಾರದು, ಅವರು ಏನು ಹೇಳಿ ಕೊಟ್ಟರು, ಯಾವುದನ್ನು ಹೊರಗೆ ಹಾಕಬಾರದು ಎಂಬುದರ ಪಟ್ಟಿಯೂ ಅದರೊಡನೆ ಇದೆ. ವಸ್ತುವನ್ನು ಮಾತ್ರ ಒಪ್ಪಿಸಿ, ಅದರೊಡನೆ ಬಂದ ಮಾತನ್ನು ಒಪ್ಪಿಸದಿದ್ದರೆ ಅದು ನಿಕ್ಷೇಪವಾಗದು, ವಾರಸುದಾರರಿಲ್ಲದ ಗಂಟಾಗುತ್ತದೆ.

ನಮ್ಮ ತಾಲ್ಲೂಕಿನಲ್ಲಿಯೇ ಶಾಂತಿಸಾಗರವಿದೆ. ಜನ ಸೂಳೆಕೆರೆ ಎನ್ನುತ್ತಾರೆ. ಶಾಂತವ್ವ ಕಟ್ಟಿಸಿದಳೆಂದು ಐತಿಹ್ಯ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಕಟ್ಟಿದ ಆ ಏರಿ ಅಷ್ಟು ಶತಮಾನಗಳಿಂದ ನೀರು ಹಿಡಿದಿಟ್ಟಿದೆ. ಕಟ್ಟಿಸಿದವಳೊಬ್ಬಳ ಪುಣ್ಯದಿಂದ ಮಾತ್ರ ಅದು ಇಷ್ಟು ಕಾಲ ನಿಂತಿತೆಂದು ಹೇಳಲಾರೆವು. ಬಿರುಕು ಕಂಡಾಗ ಮಣ್ಣು ಹೊತ್ತವರು, ತೂಬು ಸರಿಪಡಿಸಿದವರು, ಹೆಸರಿಲ್ಲದ ಎಷ್ಟೋ ತಲೆಮಾರುಗಳ ಜನ ಅದರಲ್ಲಿ ಪಾಲುಗಾರರು. ಕಟ್ಟಿದ್ದು ಯೋಗ, ಅದರ ಮೇಲೆ ಶತಮಾನಗಳ ಕ್ಷೇಮ. ಮನೆಯ ಸರ್ವರ್ ಅಷ್ಟು ದೊಡ್ಡ ಮಾತಿಗೆ ತಕ್ಕ ವಸ್ತುವಲ್ಲ, ಒಪ್ಪುತ್ತೇನೆ. ಅದು ಹಿತ್ತಲ ಬಾವಿ. ಆದರೆ ನಂಬಿ ಕೊಟ್ಟದ್ದನ್ನು ಕೆಡದಂತೆ ಇಟ್ಟು, ಕೇಳಿದಾಗ ಕೊಟ್ಟು, ಬೇಡವೆಂದದ್ದನ್ನು ಮುಚ್ಚಿ, ಕೊನೆಗೆ ಇನ್ನೊಬ್ಬರ ಕೈಗೆ ಮಾತಿನ ಸಮೇತ ಒಪ್ಪಿಸಿ ಹೋಗುವ ಕರ್ತವ್ಯ ಬಾವಿಗೂ ಕೆರೆಗೂ ಒಂದೇ. ನಮ್ಮಲ್ಲಿ ಬಹುಮಂದಿಗೆ ಏರಿ ಕಟ್ಟಿಸುವ ಭಾಗ್ಯವಿಲ್ಲ. ಒಂದು ಬುಟ್ಟಿ ಮಣ್ಣು ಹೊರುವ ಅವಕಾಶ ಮಾತ್ರ ಎಲ್ಲರ ಪಾಲಿಗೂ ಒಂದಲ್ಲ ಒಂದು ದಿನ ಬರುತ್ತದೆ.